ಸೂರು ಹತ್ತಿ, ಗೋಡೆ ತಟ್ಟಿ ಕೊಂಡ ಟ್ರೇಲರ್

ಅಮೆರಿಕದಲ್ಲಿ ಕಾರು ಕೊಳ್ಳುವಾಗ ಬಾಡಿ ಗಟ್ಟಿ ಇದೆಯಾ ಅಂತ ಯಾರೂ ತಟ್ಟಿ ನೋಡುವುದಿಲ್ಲ. ಮನೆ ಕೊಳ್ಳುವಾಗ ಮಾತ್ರ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿ ಅಟ್ಟದಿಂದ ಬೇಸ್‌ಮೆಂಟಿನವರೆಗೆ ತೋರಿಸುತ್ತಾರೆ. ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರಾವೆಲ್ ಟ್ರೇಲರ್ ಇವೆರಡರ ನಡುವೆ ಸಿಕ್ಕಿಕೊಂಡಿದೆ. ಚಕ್ರ ಇದೆಯಲ್ಲ, ಹಾಗಾಗಿ ಜನ ಕಾರಿನ ಹಾಗೇ ಕೊಂಡುಬಿಡುತ್ತಾರೆ. ಒಳಗಿರೋದು ಮಾತ್ರ ಮನೆ. ಅಡುಗೆಕಟ್ಟೆ, ಬಚ್ಚಲು, ಮಂಚ, ನೀರಿನ ಟ್ಯಾಂಕು, ಗ್ಯಾಸು, ಕರೆಂಟು ಎಲ್ಲ ಇದೆ. ಆ ಮನೆಯನ್ನು ಗಂಟೆಗೆ 60 ಮೈಲಿ ವೇಗದಲ್ಲಿ ಹೈವೇ ಗುಂಡಿಗಳ ಮೇಲೆ ಎಳೆದುಕೊಂಡು ಹೋಗುತ್ತೇವೆ. ಅದು ಅಲುಗಾಡದೆ ಇರುತ್ತಾ?

ನಾವಿರುವುದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಇಬ್ಬರು ಮಕ್ಕಳು. ಬೇಸಿಗೆ ಬಂದರೆ ಸ್ಟೇಟ್ ಪಾರ್ಕುಗಳಿಗೆ ಹೋಗುವ ಹುಚ್ಚು. ಟೆಂಟು ಹಾಕಿ ಸಾಕಾಗಿತ್ತು. ಮಳೆ ಬಂದರೆ ಎಲ್ಲ ಒದ್ದೆ, ಸಸ್ಯಾಹಾರಿಗಳಿಗೆ ಹೊರಗೆ ಸಿಗೋದು ಬ್ರೆಡ್ಡು ಮತ್ತು ಚೀಸು. "ರೀ, ನಂಗೆ ಒಂದು ಒಲೆ, ಒಂದು ಬಾಗಿಲಿರೋ ಬಚ್ಚಲು, ಇಷ್ಟಿದ್ರೆ ಎಲ್ಲಿ ಬೇಕಾದ್ರೂ ಬರ್ತೀನಿ" ಅಂದಳು ಹೆಂಡತಿ. ಮನೆಯಲ್ಲಿ ಪಿಕಪ್ ಟ್ರಕ್ಕು ಹೇಗೂ ಇತ್ತು. ಹುಡುಕಾಟ ಶುರುವಾಯಿತು.

ಅದೇ ಹೊತ್ತಿಗೆ ಬೆಂಗಳೂರಿನಿಂದ ನನ್ನ ಮಾವನವರು ಬಂದಿದ್ದರು. ಬಸ್ ಬಾಡಿ ಕಟ್ಟುವ ವರ್ಕ್‌ಶಾಪ್ ಒಂದರಲ್ಲಿ ಜೀವಮಾನ ಕಳೆದು ರಿಟೈರ್ ಆದವರು. ಇಲ್ಲಿ ಮನೆಯಲ್ಲಿ ಕೂತು ಅವರಿಗೆ ಬೇಜಾರು. ಟ್ರೇಲರ್ ನೋಡೋಕೆ ಹೋಗೋಣ ಅಂದಾಗ ಎಲ್ಲರಿಗಿಂತ ಮೊದಲು ಶೂ ಹಾಕಿಕೊಂಡವರು ಅವರೇ.

ಡೀಲರ್ ಅಂಗಳಕ್ಕೆ ಹೋದರೆ ಮೊದಲು ಕಾಣೋದು ಝಗಮಗ. ಎಲ್‌ಇಡಿ ದೀಪ, ಸುಳ್ಳು ಬೆಂಕಿ ಉರಿಯುವ ಫೈರ್‌ಪ್ಲೇಸು, ದೊಡ್ಡ ಟಿವಿ, ಅಮೃತಶಿಲೆಯಂತೆ ಕಾಣುವ ಕೌಂಟರು. ಸೇಲ್ಸ್‌ಮನ್ ನಿಮ್ಮನ್ನು ನೇರ ಒಳಗೆ ಕರೆದೊಯ್ದು ಸೋಫಾ ಮೇಲೆ ಕೂರಿಸುತ್ತಾನೆ. ಮಕ್ಕಳು ಬಂಕ್ ಬೆಡ್ ಹತ್ತುತ್ತಾರೆ. ಅಲ್ಲಿಗೆ ಅರ್ಧ ವ್ಯಾಪಾರ ಮುಗಿದ ಹಾಗೆ. ನಮ್ಮ ಮಾವ ಒಳಗೆ ಬರಲೇ ಇಲ್ಲ. ಹೊರಗೆ ಒಂದು ಸುತ್ತು ಹಾಕಿ, ಮೂಲೆಯಲ್ಲಿ ಬಗ್ಗಿ, ಬೆರಳ ಗಿಣ್ಣಿನಿಂದ ಗೋಡೆ ತಟ್ಟುತ್ತಿದ್ದರು.

"ಏನಮ್ಮಾ ಇದು, ಮೂಲೆಗೆಲ್ಲ ಬರೀ ಅಂಟು ಮೆತ್ತಿದ್ದಾರೆ" ಅಂದರು ಮಗಳಿಗೆ.

ಅವರು ಹೇಳಿದ್ದು ಸರಿ. ಟ್ರೇಲರ್‌ನ ಆಯುಸ್ಸು ಆ ಅಂಟಿನ ಮೇಲೇ ನಿಂತಿದೆ ಅನ್ನೋದು ಆಮೇಲೆ ಗೊತ್ತಾಯಿತು.

ನನ್ನ ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ಯಾವ ಬ್ರ್ಯಾಂಡ್ ಒಳ್ಳೇದು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಎಲ್ಲ ದಾರಿಗಳೂ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಊರಿಗೆ ಹೋಗಿ ಸೇರುತ್ತವೆ. ಅಮೆರಿಕದ ಬಹುಪಾಲು ಟ್ರೇಲರುಗಳು ತಯಾರಾಗೋದು ಆ ಊರು ಮತ್ತು ಅದರ ಸುತ್ತಮುತ್ತಲ ಹಳ್ಳಿಗಳಲ್ಲಿ. ಅಂಗಳದಲ್ಲಿ ಕಾಣುವ ಹತ್ತಾರು ಹೆಸರುಗಳ ಹಿಂದೆ ಇರೋದು ಮುಖ್ಯವಾಗಿ ಮೂರೇ ದೊಡ್ಡ ಕಂಪನಿಗಳು. ಥಾರ್ ಇಂಡಸ್ಟ್ರೀಸ್ ಹತ್ತಿರ ಏರ್‌ಸ್ಟ್ರೀಮ್, ಕೀಸ್ಟೋನ್ ಇವೆ, 2016ರಿಂದ ಜೇಕೋ ಕೂಡ ಇದೆ. ಫಾರೆಸ್ಟ್ ರಿವರ್ ಕಂಪನಿಯನ್ನು 2005ರಲ್ಲಿ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಕೊಂಡಿತು. ವಿನ್ನೆಬಾಗೋ 2016ರಲ್ಲಿ ಗ್ರ್ಯಾಂಡ್ ಡಿಸೈನ್ ಅನ್ನು ತನ್ನದಾಗಿಸಿಕೊಂಡಿತು.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಈ ಕಂಪನಿಗಳು ಹೆಚ್ಚಿನ ಭಾಗಗಳನ್ನು ತಾವೇ ಮಾಡುವುದಿಲ್ಲ. ಕೆಳಗಿನ ಉಕ್ಕಿನ ಫ್ರೇಮ್ ಹೆಚ್ಚಾಗಿ ಲಿಪರ್ಟ್ ಕಂಪನಿಯದು. ಆಕ್ಸಲ್, ಅಂದರೆ ಚಕ್ರದ ಅಚ್ಚು, ಅವರದೇ, ಇಲ್ಲವೇ ಡೆಕ್ಸ್‌ಟರ್ ಕಂಪನಿಯದು. ಎಸಿ, ಫ್ರಿಜ್ಜು, ನೀರು ಕಾಯಿಸುವ ಹಂಡೆ ಎಲ್ಲ ಅದೇ ಬೆರಳೆಣಿಕೆಯ ಕಂಪನಿಗಳಿಂದ ಬರುತ್ತವೆ. ಬೇರೆ ಬೇರೆ ಛತ್ರದ ಮದುವೆಗಳಿಗೆ ಒಬ್ಬನೇ ಅಡುಗೆ ಕಂಟ್ರ್ಯಾಕ್ಟರ್ ಬಂದ ಹಾಗೆ. ಎಲೆ ಬೇರೆ, ಸಾರು ಅದೇ. ಹಾಗಾದರೆ ವ್ಯತ್ಯಾಸ ಬರೋದು ಎಲ್ಲಿ? ಜೋಡಿಸುವ ಕೈಯಲ್ಲಿ. ಅಲ್ಲಿನ ಫ್ಯಾಕ್ಟರಿಗಳಲ್ಲಿ ರೋಬೋಟುಗಳ ಸಾಲೇನೂ ಇಲ್ಲ. ಜನ ನಿಂತು ಕೈಯಲ್ಲಿ ಸ್ಕ್ರೂ ಹೊಡೆದು, ಸ್ಟೇಪಲ್ ಹೊಡೆದು ಕಟ್ಟುತ್ತಾರೆ. ಹಳೇ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಅನ್ನುವ ಕ್ರೈಸ್ತ ಸಮುದಾಯದ ಬಡಗಿಗಳೂ ಬಹಳ ಜನ ಇದ್ದಾರೆ, ಒಳ್ಳೆಯ ಕೆಲಸಗಾರರು. ಆದರೆ ಅಲ್ಲಿ ಅನೇಕ ಕಡೆ ಕೂಲಿ ಕೊಡೋದು ಗಂಟೆಯ ಲೆಕ್ಕದಲ್ಲಲ್ಲ, ಗ್ಯಾಂಗು ಎಷ್ಟು ಟ್ರೇಲರ್ ಮುಗಿಸಿತು ಅನ್ನುವ ಲೆಕ್ಕದಲ್ಲಿ. ಬೇಗ ಮುಗಿಸಿದಷ್ಟೂ ಬೇಗ ಮನೆಗೆ. ಬೆಳಗಿನ ಜಾವ ಶುರು ಮಾಡಿ ಮಧ್ಯಾಹ್ನಕ್ಕೇ ಕೆಲಸ ಮುಗಿಸುವವರಿದ್ದಾರೆ.

ಇದನ್ನು ಕೇಳಿ ಮಾವ ನಕ್ಕರು. "ನಮ್ಮಲ್ಲೂ ಮಾರ್ಚ್ ತಿಂಗಳ ಬಸ್ಸು ಅಂತ ಒಂದು ಜಾತಿ ಇತ್ತು ಬಿಡಿ. ಟಾರ್ಗೆಟ್ ಮುಗಿಸೋಕೆ ಕಟ್ಟಿದ್ದು. ಏಪ್ರಿಲ್‌ನಲ್ಲಿ ವಾಪಸ್ ಬರ್ತಿತ್ತು."

ಅಲ್ಲಿಂದ ನಾನು ಬ್ರ್ಯಾಂಡ್ ಚರ್ಚೆ ಬಿಟ್ಟೆ. ಕಣ್ಣೆದುರು ನಿಂತಿರುವ ಆ ಒಂದು ಗಾಡಿಯನ್ನು ಹೇಗೆ ಕಟ್ಟಿದ್ದಾರೆ ಅಂತ ನೋಡೋದೇ ನಮ್ಮ ಕೆಲಸ ಆಯಿತು.

ಗೋಡೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಹಳೇ ಪದ್ಧತಿ. ಮರದ ರೀಪರಿನ ಚೌಕಟ್ಟು, ನಡುವೆ ಗ್ಲಾಸ್‌ವುಲ್ ತುಂಬಿ ಹೊರಗೆ ಅಲೆ ಅಲೆಯಾದ ಅಲ್ಯೂಮಿನಿಯಂ ತಗಡು. ಅಗ್ಗ, ರಿಪೇರಿ ಸುಲಭ, ಒಂದು ತಗಡು ಬಿಚ್ಚಿ ಬೇರೆ ಹಾಕಬಹುದು. ತೊಂದರೆ ಏನಂದರೆ ನೀರು ಒಳಗೆ ಹೋದರೆ ಹೊರಗೆ ಸುಳಿವೇ ಸಿಗುವುದಿಲ್ಲ. ತಗಡು ಫಳಫಳ ಹೊಳೆಯುತ್ತಲೇ ಇರುತ್ತದೆ, ಹಿಂದೆ ಮರ ಕೊಳೆಯುತ್ತಿರುತ್ತದೆ.

ಎರಡನೆಯದು ಲ್ಯಾಮಿನೇಟೆಡ್ ಗೋಡೆ. ಅಲ್ಯೂಮಿನಿಯಂ ಚೌಕಟ್ಟಿನ ನಡುವೆ ಫೋಮ್ ಹಲಗೆ, ಎರಡೂ ಕಡೆ ಲುವಾನ್ ಅನ್ನುವ ತೆಳು ಪ್ಲೈವುಡ್, ಹೊರಗೆ ನುಣುಪಾದ ಫೈಬರ್‌ಗ್ಲಾಸ್ ಹಾಳೆ. ಎಲ್ಲವನ್ನೂ ಅಂಟು ಹಾಕಿ ಒತ್ತಿ ಒಂದೇ ಹಲಗೆ ಮಾಡುತ್ತಾರೆ. ನೋಡೋಕೆ ಚೆಂದ, ತೂಕ ಕಡಿಮೆ. ನೀರು ಹೋದರೆ ಪ್ಲೈವುಡ್ ನೆನೆದು ಅಂಟು ಬಿಟ್ಟುಕೊಳ್ಳುತ್ತದೆ. ಹೊರಗಿನ ಹಾಳೆ ಗುಳ್ಳೆ ಏಳುತ್ತದೆ. ಇದನ್ನೇ ಡಿಲ್ಯಾಮಿನೇಷನ್ ಅನ್ನೋದು. ಒಮ್ಮೆ ಶುರುವಾದರೆ ರಿಪೇರಿ ಖರ್ಚು ಕೇಳಿ ತಲೆ ತಿರುಗುತ್ತದೆ. ಪ್ಲೈವುಡ್ ಬದಲು ಆಜ್‌ಡೆಲ್ ಅನ್ನುವ ಹಾಳೆ ಹಾಕಿದ ಗೋಡೆಗಳೂ ಇವೆ. ಅದರಲ್ಲಿ ಮರವೇ ಇಲ್ಲ, ಹಾಗಾಗಿ ಕೊಳೆಯುವ ಪ್ರಶ್ನೆ ಇಲ್ಲ. ಆದರೆ ಆಜ್‌ಡೆಲ್ ಇದೆ ಅಂತ ಸೇಲ್ಸ್‌ಮನ್ ಹೇಳಿದರೆ ಹೊರಗಿನ ಪದರಕ್ಕೋ, ಒಳಗಿನ ಪದರಕ್ಕೋ, ಎರಡಕ್ಕೂ ಇದೆಯೋ ಅಂತ ಕೇಳಬೇಕು. ನೆಲ ಮತ್ತು ಸೂರಿನಲ್ಲಿ ಮರ ಇರಬಹುದು, ಅದನ್ನೂ ಕೇಳಬೇಕು. ಈ ಪ್ರಶ್ನೆ ಕೇಳಿದಾಗ ಒಬ್ಬ ಸೇಲ್ಸ್‌ಮನ್ ಬ್ರೋಷರ್ ತರೋಕೆ ಅಂತ ಹೋದವನು ಬಹಳ ಹೊತ್ತು ಬರಲೇ ಇಲ್ಲ.

ಗುಳ್ಳೆ ಹುಡುಕೋದಕ್ಕೆ ಎದುರು ನಿಂತು ನೋಡಿದರೆ ಆಗುವುದಿಲ್ಲ. ಗೋಡೆಯ ಒಂದು ತುದಿಗೆ ಕೆನ್ನೆ ತಾಗಿಸುವಷ್ಟು ಹತ್ತಿರ ನಿಂತು ಉದ್ದಕ್ಕೂ ಓರೆಯಾಗಿ ನೋಡಬೇಕು. ಸಂಜೆ ಬಿಸಿಲಾದರೆ ಇನ್ನೂ ಒಳ್ಳೇದು. ಉಬ್ಬು ತಗ್ಗು ಎಲ್ಲ ನೆರಳು ಬಿದ್ದು ಎದ್ದು ಕಾಣುತ್ತದೆ. ಆಮೇಲೆ ತಟ್ಟೋದು. ಅಂಟಿಕೊಂಡ ಕಡೆ ಸದ್ದು ಗಟ್ಟಿ, ಬಿಟ್ಟ ಕಡೆ ಟೊಳ್ಳು. ಕಿಟಕಿಯ ಕೆಳಗಿನ ಮೂಲೆ, ಮುಂಭಾಗ, ಬಾಗಿಲ ಸುತ್ತ ತಪ್ಪದೆ ತಟ್ಟಬೇಕು. ಮಾವನ ಕಿವಿ ಇದರಲ್ಲಿ ಪಳಗಿತ್ತು. ನನಗೆ ಅವರು ತೋರಿಸಿದ ಮೇಲೆ ಕೇಳಿಸತೊಡಗಿತು.

ಈ ತಲೆನೋವೇ ಬೇಡ ಅನ್ನುವವರಿಗೆ ಬೇರೆ ದಾರಿಗಳೂ ಇವೆ. ಮಿನ್ನೆಸೋಟದ ಸ್ಕ್ಯಾಂಪ್, ಟೆಕ್ಸಾಸಿನ ಕಸೀಟಾ, ಟೆನೆಸಿಯ ಆಲಿವರ್ ಕಂಪನಿಗಳು ಫೈಬರ್‌ಗ್ಲಾಸ್ ಚಿಪ್ಪನ್ನು ಅಚ್ಚಿನಲ್ಲಿ ರೂಪಿಸಿ ಜೋಡಿಸುತ್ತವೆ. ಸೂರಿಗೂ ಗೋಡೆಗೂ ನಡುವೆ ಮೂಲೆ ಜೋಡಣೆಯೇ ಇಲ್ಲದ ಕಾರಣ ನೀರು ನುಗ್ಗುವ ಜಾಗ ತುಂಬಾ ಕಡಿಮೆ. ನನಗೆ ಅವು ಬಹಳ ಇಷ್ಟವಾದವು. ಆದರೆ ಚಿಕ್ಕವು, ನಾಲ್ಕು ಜನಕ್ಕೆ ಮೊಣಕೈ ತಾಗುತ್ತದೆ, ಆಲಿವರ್ ಬೆಲೆಯೂ ನಮ್ಮ ಕೈಗೆಟುಕುವುದಲ್ಲ. ಏರ್‌ಸ್ಟ್ರೀಮ್ ಫ್ಯಾಕ್ಟರಿ ನಮ್ಮ ರಾಜ್ಯದ ಜ್ಯಾಕ್ಸನ್ ಸೆಂಟರ್‌ನಲ್ಲೇ ಇದೆ, ಸಾರ್ವಜನಿಕರಿಗೆ ಒಳಗೆ ತೋರಿಸುತ್ತಾರೆ. ಮಾವನನ್ನು ಕರೆದುಕೊಂಡು ಹೋಗಿದ್ದೆ. ಒಬ್ಬರು ಹೊರಗೆ, ಒಬ್ಬರು ಒಳಗೆ ನಿಂತು ಅಲ್ಯೂಮಿನಿಯಂ ಹಾಳೆಗೆ ರಿವೆಟ್ ಹೊಡೆಯೋದನ್ನು ಅವರು ಮೈಮರೆತು ನೋಡಿದರು. "ಇದು ಬಸ್ ಕೆಲಸ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಬೆಲೆ ಮಾತ್ರ ಕೆಲವು ಮಾಡೆಲ್ಲುಗಳಿಗೆ ಒಂದು ಲಕ್ಷ ಡಾಲರ್ ದಾಟುತ್ತದೆ. ನಮಸ್ಕಾರ ಹೇಳಿ ಬಂದೆವು.

ಇನ್ನು ಸೂರಿನ ವಿಷಯ. ಡೀಲರ್ ಹತ್ತಿರ ಏಣಿ ಕೇಳಿದರೆ ಮುಖದ ಬಣ್ಣ ಬದಲಾಗುತ್ತದೆ. ಇನ್ಶೂರೆನ್ಸ್ ಒಪ್ಪಲ್ಲ ಅನ್ನುತ್ತಾರೆ. ಹತ್ತಿ ನಡೆಯಬೇಕಾಗಿಲ್ಲ, ಏಣಿಯ ತುದಿಯಲ್ಲಿ ನಿಂತು ಕಣ್ಣು ಹಾಯಿಸಿದರೂ ಸಾಕು ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಒಂದು ಕಡೆ ಒಪ್ಪಲೇ ಇಲ್ಲ. ನಾವೂ ಅಲ್ಲಿಂದ ಹೊರಟೆವು.

ಹೆಚ್ಚಿನ ಟ್ರೇಲರುಗಳ ಸೂರಿನ ಮೇಲೆ ರಬ್ಬರಿನಂಥ ತೆಳು ಹೊದಿಕೆ ಇರುತ್ತದೆ. ಇಪಿಡಿಎಂ, ಟಿಪಿಒ, ಪಿವಿಸಿ ಹೀಗೆ ಬೇರೆ ಬೇರೆ. ಇಪಿಡಿಎಂ ವರ್ಷ ಕಳೆದ ಹಾಗೆ ಪುಡಿ ಉದುರಿಸುತ್ತದೆ, ಗೋಡೆಯ ಮೇಲೆ ಬಿಳಿ ಗೀರು ಇಳಿಯುತ್ತದೆ. ಆದರೆ ಹೊದಿಕೆ ಯಾವುದು ಅನ್ನೋದಕ್ಕಿಂತ ಅದರಲ್ಲಿ ಎಷ್ಟು ತೂತು ಕೊರೆದಿದ್ದಾರೆ, ಆ ತೂತುಗಳ ಸುತ್ತ ಸೀಲಂಟ್, ಅಂದರೆ ಸಂದಿ ಮುಚ್ಚುವ ಅಂಟು, ಹೇಗೆ ಹಾಕಿದ್ದಾರೆ ಅನ್ನೋದು ಮುಖ್ಯ. ಎಸಿಗೆ ಒಂದು, ಬಚ್ಚಲ ಫ್ಯಾನಿಗೆ ಒಂದು, ಟ್ಯಾಂಕಿನ ಗಾಳಿ ಕೊಳವೆಗೆ, ಆಂಟೆನಾಗೆ, ಸೋಲಾರ್ ವೈರಿಗೆ. ಒಂದೊಂದೂ ನೀರಿಗೆ ಬಾಗಿಲು. ಪ್ರತಿ ಸ್ಕ್ರೂ ತಲೆಯೂ ಸೀಲಂಟ್ ಒಳಗೆ ಮುಳುಗಿರಬೇಕು, ಅಂಚು ಎದ್ದಿರಬಾರದು, ಬಿರುಕು ಇರಬಾರದು. ಒಂದು ಹೊಚ್ಚಹೊಸ ಗಾಡಿಯಲ್ಲಿ ಫ್ಯಾನಿನ ಸುತ್ತ ಮೂರು ಕಡೆ ಸೀಲಂಟ್ ಇತ್ತು, ನಾಲ್ಕನೇ ಕಡೆ ಮರೆತೇಬಿಟ್ಟಿದ್ದರು. ಫೋಟೋ ತೆಗೆದು ಸೇಲ್ಸ್‌ಮನ್‌ಗೆ ತೋರಿಸಿದೆ. "ಅದು ಸರ್ವಿಸ್‌ನವರು ನೋಡ್ಕೊತಾರೆ" ಅಂದ.

ಸೂರು ಗೋಡೆಗೆ ಸೇರುವ ಅಂಚಿನಲ್ಲಿ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಅದರ ಕೆಳಗೆ ಬ್ಯುಟೈಲ್ ಟೇಪು, ಅಂದರೆ ಜಿಗುಟಾದ ಬೂದು ಪಟ್ಟಿ. ಸರಿಯಾಗಿ ಬಿಗಿದಿದ್ದರೆ ಆ ಬ್ಯುಟೈಲ್ ಅಂಚಿನಿಂದ ಸ್ವಲ್ಪ ಹೊರಗೆ ಒಸರಿರುತ್ತದೆ. ಒಸರಿಯೇ ಇಲ್ಲ ಅಂದರೆ ಪಟ್ಟಿ ಕೂತಿಲ್ಲ ಅಂತ ಅನುಮಾನ. ಪಟ್ಟಿಯ ಮೇಲಿನ ಪ್ಲಾಸ್ಟಿಕ್ ರಿಬ್ಬನ್ ಅನ್ನು ಒಂದು ತುದಿಯಲ್ಲಿ ಎತ್ತಿ ನೋಡಿದರೆ ಸ್ಕ್ರೂಗಳು ಸಾಲಾಗಿ ಕಾಣುತ್ತವೆ. ಅವುಗಳ ನಡುವಿನ ಅಂತರ ಸಮ ಇದೆಯಾ, ಯಾವುದಾದರೂ ಓರೆಯಾಗಿ ಹೋಗಿದೆಯಾ, ತುಕ್ಕು ಇದೆಯಾ ನೋಡಬೇಕು. ನನ್ನ ಪ್ರಕಾರ ಇಡೀ ಟ್ರೇಲರ್‌ನಲ್ಲಿ ಕಟ್ಟಿದವರ ಮನಸ್ಸು ತಿಳಿಯೋದು ಈ ಒಂದು ಸಾಲು ಸ್ಕ್ರೂನಲ್ಲಿ.

ಸೆಕೆಂಡ್ ಹ್ಯಾಂಡ್ ಕೂಡ ನೋಡಿದೆವು. ಹೊಸ ಟ್ರೇಲರ್ ಅಂಗಳ ದಾಟಿದ ಕೂಡಲೇ ಬೆಲೆ ಧಸಕ್ಕನೆ ಇಳಿಯುತ್ತದೆ, ಹಾಗಾಗಿ ಹಳೆಯದು ತೊಗೊಳ್ಳೋದೇ ಜಾಣತನ ಅಂತ ಹಲವರ ಅಭಿಪ್ರಾಯ. ನಾನೂ ಬಹುತೇಕ ಒಪ್ಪುತ್ತೇನೆ. ಮೊದಲ ಮಾಲೀಕ ಸಣ್ಣಪುಟ್ಟ ದೋಷ ಎಲ್ಲ ಸರಿ ಮಾಡಿಸಿರುತ್ತಾನೆ. ಆದರೆ ನಮಗೆ ಸಿಕ್ಕ ಹಳೇ ಗಾಡಿಗಳಲ್ಲಿ ಹೆಚ್ಚಿನವು 2021ರ ಆಸುಪಾಸಿನವು. ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲ್ ಎಲ್ಲ ಬಿಟ್ಟು ಅಮೆರಿಕದ ಜನ ಟ್ರೇಲರ್‌ಗೆ ಮುಗಿಬಿದ್ದರು. 2021ರಲ್ಲಿ ಟ್ರೇಲರ್, ತಾನೇ ಓಡುವ ಮೋಟರ್‌ಹೋಮ್ ಎಲ್ಲ ಸೇರಿ ಫ್ಯಾಕ್ಟರಿಗಳಿಂದ ಹೊರಟದ್ದು 6 ಲಕ್ಷ, ಅದು ಅಲ್ಲಿಯವರೆಗಿನ ದಾಖಲೆ. 2023ಕ್ಕೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮಾವನ ಭಾಷೆಯಲ್ಲಿ ಹೇಳೋದಾದರೆ ಆ ವರ್ಷ ಹನ್ನೆರಡು ತಿಂಗಳೂ ಮಾರ್ಚ್. ಒಳ್ಳೆಯವೂ ಇರುತ್ತವೆ, ಆದರೆ ಆ ಕಾಲದ ಗಾಡಿಯನ್ನು ನಾನು ಎರಡು ಪಟ್ಟು ಅನುಮಾನದಿಂದಲೇ ನೋಡುತ್ತೇನೆ.

ಹಳೇ ಗಾಡಿಗೆ ಹೋಗುವಾಗ ತೇವ ಅಳೆಯುವ ಸಣ್ಣ ಮೀಟರ್ ಒಯ್ಯುತ್ತಿದ್ದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 40 ಡಾಲರಿಗೆ ಸಿಗುತ್ತದೆ. ಮರದಲ್ಲಿ ತೇವ ಶೇಕಡ 15ರೊಳಗಿದ್ದರೆ ನೆಮ್ಮದಿ, 20 ದಾಟಿದರೆ ಅಲ್ಲಿ ಏನೋ ನಡೆದಿದೆ. ಚುಚ್ಚುವ ಮೀಟರ್‌ಗಿಂತ ಒತ್ತಿ ಹಿಡಿಯುವ ಮೀಟರ್ ಒಳ್ಳೇದು, ಬೇರೆಯವರ ಗೋಡೆಗೆ ತೂತು ಬೀಳುವುದಿಲ್ಲ. ಒಳಗೆ ಲೋಹ ಇದ್ದ ಕಡೆ ಅದು ಸುಳ್ಳು ಹೇಳಬಹುದು, ಹಾಗಾಗಿ ಅಕ್ಕಪಕ್ಕದ ಜಾಗದ ಜೊತೆ ಹೋಲಿಸಿ ನೋಡಬೇಕು.

ಡೇಟನ್ ಕಡೆ ಒಬ್ಬರ ಮನೆಯಂಗಳದಲ್ಲಿ ಬಹಳ ಚೆನ್ನಾಗಿದ್ದ ಗಾಡಿ ಒಂದಿತ್ತು. ಮಾಲೀಕರು ಒಳ್ಳೇ ಜನ, ಕಾಫಿ ಕೊಟ್ಟರು. ಒಳಗೆ ಕಾಲಿಟ್ಟ ಕೂಡಲೇ ರೂಮ್ ಫ್ರೆಶ್‌ನರ್ ವಾಸನೆ ಗಮ್ಮಂತ ಹೊಡೆಯಿತು. ನನ್ನ ಹೆಂಡತಿ ಹಾಸಿಗೆ ಎತ್ತಿ ಕೆಳಗಿನ ಪೆಟ್ಟಿಗೆಗೆ ಮೂಗು ತೂರಿಸಿದಳು. "ಮುಗ್ಗಲು ವಾಸನೆ, ನೋಡಿ ಬೇಕಾದ್ರೆ" ಅಂದಳು. ಹಿಂಬದಿ ಎಡಮೂಲೆಯಲ್ಲಿ ಮೀಟರ್ ಇಟ್ಟರೆ 28. ಒಂದಡಿ ಆಚೆ 12. ಅಲ್ಲಿ ನೆಲವನ್ನು ಹಿಮ್ಮಡಿಯಿಂದ ಒತ್ತಿದಾಗ ಮೆತ್ತಗೆ ಕುಸಿಯಿತು. ಮಾಲೀಕರಿಗೂ ಅದು ಗೊತ್ತಿರಲಿಲ್ಲ ಅಂತ ನನಗನಿಸುತ್ತದೆ. ಅವರ ಮುಖ ಸಪ್ಪಗಾಯಿತು. ಪಾಪ.

ಗಾಡಿಯ ಅಡಿಗೆ ಹೋಗೋದು ನನ್ನ ಪಾಲಿಗೆ ಬಂತು. ಟಾರ್ಪಾಲಿನ್ ಹಾಸಿ, ಟಾರ್ಚ್ ಹಿಡಿದು ಮಲಗೋದು. ಉಕ್ಕಿನ ಉದ್ದ ತೊಲೆಗಳ ವೆಲ್ಡಿಂಗ್ ನೋಡಬೇಕು. ಮುಂದಿನ ಕೊಂಡಿಯ ತ್ರಿಕೋನ ಮುಖ್ಯ ಫ್ರೇಮಿಗೆ ಸೇರುವ ಜಾಗ ಮತ್ತು ಸ್ಪ್ರಿಂಗ್ ನೇತಾಡುವ ಜಾಗಗಳಲ್ಲಿ ಬಿರುಕು, ತುಕ್ಕಿನ ಗೀರು ಇದೆಯಾ ಅಂತ ಹುಡುಕಬೇಕು. ಆಕ್ಸಲ್ ಮೇಲೆ ಅದು ಎಷ್ಟು ತೂಕ ಹೊರುತ್ತದೆ ಅಂತ ಬರೆದಿರುತ್ತದೆ. ಇಲ್ಲೊಂದು ಲೆಕ್ಕದ ಜಾಣ್ಮೆ ಇದೆ. ಎರಡು 3,500 ಪೌಂಡ್ ಆಕ್ಸಲ್ ಹಾಕಿದರೆ ಹೊರೋದು 7,000. ಆದರೆ ಗಾಡಿಯ ಒಟ್ಟು ತೂಕದ ಮಿತಿ 7,600 ಅಂತ ಬರೆದಿರುತ್ತಾರೆ. ಉಳಿದ 600 ಪೌಂಡ್ ತೂಕ ನಿಮ್ಮ ಟ್ರಕ್ಕಿನ ಕೊಂಡಿ ಮೇಲೆ ಬೀಳುತ್ತದಲ್ಲ ಅನ್ನೋದು ಅವರ ವಾದ. ಲೆಕ್ಕ ಸುಳ್ಳಲ್ಲ, ಆದರೆ ಆಕ್ಸಲ್‌ಗೆ ಉಸಿರಾಡೋಕೆ ಜಾಗವೇ ಉಳಿಯುವುದಿಲ್ಲ. ಮಿತಿಗಿಂತ ಸ್ವಲ್ಪ ದಪ್ಪದ ಆಕ್ಸಲ್, ಸ್ವಲ್ಪ ಹೆಚ್ಚು ಹೊರುವ ಟೈರ್ ಹಾಕಿದ ಕಂಪನಿಯನ್ನು ನಾನು ನಂಬುತ್ತೇನೆ. ಕಣ್ಣಿಗೆ ಕಾಣದ ಕಡೆ ಹಣ ಹಾಕಿದ್ದಾರೆ ಅಂತ ಅರ್ಥ.

ಟೈರ್ ಮೇಲೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಟ್ರೇಲರ್ ಟೈರು ಸವೆಯೋದಕ್ಕಿಂತ ಮೊದಲು ಮುದಿಯಾಗುತ್ತದೆ, ಐದಾರು ವರ್ಷಕ್ಕೆ ಬದಲಿಸಬೇಕು ಅನ್ನೋದು ವಾಡಿಕೆ.

ಬಾಗಿಲ ಹತ್ತಿರದ ಹಳದಿ ಚೀಟಿಯನ್ನು ಯಾರೂ ಓದುವುದಿಲ್ಲ. ಗಾಡಿಯಲ್ಲಿ ಎಷ್ಟು ಸಾಮಾನು ತುಂಬಬಹುದು ಅನ್ನೋದು ಅದರಲ್ಲಿದೆ. ಒಂದು ಗಾಡಿಯಲ್ಲಿ 1,300 ಪೌಂಡ್ ಅಂತ ಇತ್ತು. ಜಾಸ್ತಿ ಅನಿಸುತ್ತೆ ಅಲ್ವಾ? ಒಂದು ಗ್ಯಾಲನ್ ನೀರಿಗೆ 8.3 ಪೌಂಡ್. 40 ಗ್ಯಾಲನ್ ಟ್ಯಾಂಕು ತುಂಬಿದರೆ 332 ಹೋಯಿತು. ಬ್ಯಾಟರಿ, ಕೊಂಡಿಯ ಸಾಮಾನು, ಪಾತ್ರೆ, ಬಟ್ಟೆ, ಕುರ್ಚಿ, ಸೈಕಲ್ಲು. ಹೆಂಡತಿ ಕುಕ್ಕರ್, ಇಡ್ಲಿ ಪಾತ್ರೆ ಸೇರಿಸಿದಳು. ಮಾವ ಗಂಭೀರವಾಗಿ "ಗ್ರೈಂಡರ್?" ಅಂದರು. ಇನ್ನೊಂದು ದೊಡ್ಡ ಗಾಡಿಯಲ್ಲಿ ಅದೇ ಚೀಟಿ 800 ಅಂತ ಹೇಳುತ್ತಿತ್ತು. ಅಷ್ಟು ಕಪಾಟು ಕೊಟ್ಟು, ಅದರಲ್ಲಿ ಏನೂ ಇಡಬೇಡಿ ಅಂದ ಹಾಗಾಯಿತು.

ಒಳಗೆ ನೋಡುವ ಸರದಿ ಕೊನೆಯದು. ಅಲ್ಲೂ ಮೊದಲು ಡ್ರಾಯರ್ ಪೂರ್ತಿ ಹೊರಗೆಳೆದು ಹಿಂದೆ ಟಾರ್ಚ್ ಬಿಡುತ್ತಿದ್ದೆ. ಸೋಫಾ ಹೇಗಿದೆ ಅನ್ನೋದು ಆಮೇಲೆ. ಡ್ರಾಯರ್ ಹಿಂದೆ ಗರಗಸದ ಹೊಟ್ಟು ರಾಶಿ ಬಿದ್ದಿದ್ದರೆ, ವೈರು ಜೋತಾಡುತ್ತಿದ್ದರೆ, ಪೈಪು ಪ್ಲೈವುಡ್‌ನ ಚೂಪು ಅಂಚಿಗೆ ಉಜ್ಜುತ್ತಿದ್ದರೆ ಅರ್ಥವಾಗುತ್ತದೆ. ಒಳ್ಳೆಯ ಗಾಡಿಯಲ್ಲಿ ವೈರಿಗೆ ಅಲ್ಲಲ್ಲಿ ಕ್ಲಿಪ್ ಇರುತ್ತದೆ, ತೂತು ಕೊರೆದ ಕಡೆ ರಬ್ಬರ್ ಉಂಗುರ ಇರುತ್ತದೆ. ಮೇಲಿನ ಕಪಾಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಬೇಕು. ಸ್ಟೇಪಲ್ ಹೊಡೆದದ್ದಾದರೆ ಕಿರ್ ಅನ್ನುತ್ತದೆ, ಸ್ಕ್ರೂ ಹಾಕಿದ್ದಾದರೆ ಅನ್ನುವುದಿಲ್ಲ. ಗುಂಡಿ ಒತ್ತಿದರೆ ಗೋಡೆಯೇ ಹೊರಗೆ ಸರಿದು ಜಾಗ ದೊಡ್ಡದಾಗುವ ಸ್ಲೈಡ್‌ಔಟ್ ನಮಗೆ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಅನುಕೂಲ ಇದೆ, ನಿಜ. ಆದರೆ ಗೋಡೆಯಲ್ಲಿ ಅಷ್ಟು ದೊಡ್ಡ ಕಿಂಡಿ ಕೊಯ್ದು, ಬರೀ ರಬ್ಬರ್ ಪಟ್ಟಿಯ ಮೇಲೆ ಮಳೆಯನ್ನು ತಡೆಯೋದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಬಾಗಿಲ ಪಕ್ಕ ಆರ್‌ವಿಐಎ ಅನ್ನುವ ಸಣ್ಣ ಮುದ್ರೆ ಇರುತ್ತದೆ. ಒಬ್ಬ ಸೇಲ್ಸ್‌ಮನ್ ಅದನ್ನು ತೋರಿಸಿ "ಕ್ವಾಲಿಟಿ ಸರ್ಟಿಫೈಡ್" ಅಂದ. ಹಾಗೇನಿಲ್ಲ. ಅದು ತಯಾರಕರದೇ ಸಂಘದ ಮುದ್ರೆ. ಬೆಂಕಿ, ಗ್ಯಾಸು, ಕೊಳಾಯಿ, ಕರೆಂಟಿನ ಸುರಕ್ಷತಾ ನಿಯಮಗಳನ್ನು ಪಾಲಿಸಿದ್ದೇವೆ ಅಂತ ಹೇಳುತ್ತದೆ, ಅಷ್ಟೇ. ಸೂರು ಸೋರುತ್ತದೋ, ಕಪಾಟು ಕಳಚುತ್ತದೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ ಒಂದು ಡೀಲರ್ ಹತ್ತಿರ ನಮಗೆ ಹೊಂದುವ ಲ್ಯಾಮಿನೇಟೆಡ್ ಗೋಡೆಯ ಹೊಸ ಗಾಡಿ ಸಿಕ್ಕಿತು. ಬಂಕ್ ಬೆಡ್ ಇತ್ತು, ಸ್ಲೈಡ್‌ಔಟ್ ಇರಲಿಲ್ಲ. ಅದೃಷ್ಟಕ್ಕೆ ಅದೇ ಮಾಡೆಲ್, ಅದೇ ವರ್ಷದ ಎರಡು ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಬೆಲೆ ಒಂದೇ, ಬಣ್ಣ ಒಂದೇ. ಸೇಲ್ಸ್‌ಮನ್‌ಗೆ ಎರಡೂ ಒಂದೇ. ಮೊದಲನೆಯದರಲ್ಲಿ ಬಾಗಿಲ ಚೌಕಟ್ಟು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅಂಚಿನ ಪಟ್ಟಿಯಲ್ಲಿ ಒಂದು ಕಡೆ ಸ್ಕ್ರೂಗಳು ದಟ್ಟವಾಗಿ, ಇನ್ನೊಂದು ಕಡೆ ದೂರ ದೂರ. ಸಿಂಕ್ ಕೆಳಗೆ ಬೇಕಿಲ್ಲದಷ್ಟು ದೊಡ್ಡ ತೂತು ಕೊರೆದು ಪೈಪ್ ಬಿಟ್ಟಿದ್ದರು. ಆ ತೂತಿನಲ್ಲಿ ಇಲಿ ಸಂಸಾರ ಮಾಡಬಹುದಿತ್ತು. ಎರಡನೆಯದರಲ್ಲಿ ಅದೇ ಪೈಪಿಗೆ ಅಳತೆಯ ತೂತು, ಸುತ್ತ ಫೋಮ್. ಸ್ಕ್ರೂ ಸಾಲು ಗೆರೆ ಎಳೆದ ಹಾಗಿತ್ತು. ಮಾವ ಎರಡನ್ನೂ ಸುತ್ತಿ ಬಂದು, "ಇದು ಬೇರೆ ಗ್ಯಾಂಗಿನ ಕೆಲಸ, ಇದನ್ನ ತೊಗೊಳ್ಳಿ" ಅಂದರು.

ಆದರೂ ಅಲ್ಲೇ ಸಹಿ ಹಾಕಲಿಲ್ಲ. ಟ್ರೇಲರ್ ಪರೀಕ್ಷೆ ಮಾಡುವ ಸ್ವತಂತ್ರ ಇನ್‌ಸ್ಪೆಕ್ಟರುಗಳು ಇದ್ದಾರೆ, ಅವರದೇ ರಾಷ್ಟ್ರೀಯ ಸಂಘವೂ ಇದೆ. ಒಬ್ಬರನ್ನು ಗೊತ್ತು ಮಾಡಿದೆವು. ಫೀಸು ನೂರಾರು ಡಾಲರ್. ಹೊಸ ಗಾಡಿಗೆ ಯಾಕೆ ದುಡ್ಡು ಸುರೀತೀರಿ ಅಂತ ಡೀಲರ್ ಕೇಳಿದ. ಅವನು ಹಾಗೆ ಕೇಳಿದ ಮೇಲೆ ಮಾಡಿಸಲೇಬೇಕು ಅನಿಸಿತು.

ಇನ್‌ಸ್ಪೆಕ್ಟರ್ ಗಾಡಿಗೆ ನೀರು, 30 ಆಂಪ್ ಕರೆಂಟು, ಗ್ಯಾಸ್ ಎಲ್ಲ ಜೋಡಿಸಿ ಒಂದೊಂದನ್ನೂ ನಡೆಸಿ ನೋಡಿದರು. ಗ್ಯಾಸ್ ಕೊಳವೆಯ ಒತ್ತಡ ಅಳೆದರು. ಎಲ್ಲ ಟ್ಯಾಂಕ್ ತುಂಬಿಸಿ ಕಾದರು. ನನಗೆ ಹೆಚ್ಚು ಇಷ್ಟವಾದದ್ದು ಗಾಳಿ ಪರೀಕ್ಷೆ. ಸೂರಿನ ಫ್ಯಾನ್ ಜಾಗಕ್ಕೆ ದೊಡ್ಡ ಬ್ಲೋವರ್ ಕೂರಿಸಿ ಗಾಡಿಯೊಳಗೆ ಗಾಳಿ ತುಂಬುತ್ತಾರೆ. ಹೊರಗಿನ ಜೋಡಣೆಗಳ ಮೇಲೆಲ್ಲ ಸೋಪಿನ ನೀರು ಚಿಮುಕಿಸುತ್ತಾರೆ. ಸಂದಿ ಇದ್ದ ಕಡೆ ನೊರೆ ಬುಸುಬುಸು ಏಳುತ್ತದೆ. ಒಳಗೆ ನೀರು ಬರುವ ದಾರಿಯನ್ನು ಗಾಳಿ ತೋರಿಸಿಕೊಡುತ್ತದೆ. ನಮ್ಮ "ಒಳ್ಳೆ ಗ್ಯಾಂಗಿನ" ಗಾಡಿಯಲ್ಲೂ ಒಂದು ಕಿಟಕಿಯ ಮೇಲ್ಮೂಲೆಯಲ್ಲಿ, ಹಿಂಬದಿಯ ಒಂದು ದೀಪದ ಸುತ್ತ ನೊರೆ ಎದ್ದಿತು. ಬಚ್ಚಲಿನ ಸಿಂಕ್ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಒಂದು ಸಾಕೆಟ್‌ನಲ್ಲಿ ಕರೆಂಟ್ ಇರಲಿಲ್ಲ. ಇನ್‌ಸ್ಪೆಕ್ಟರ್ ಪ್ರಕಾರ ಇಷ್ಟು ಕಡಿಮೆ ಸಿಗೋದು ಅಪರೂಪ.

ಅದೆಲ್ಲ ಸರಿ ಆಗುವವರೆಗೆ ಪೂರ್ತಿ ದುಡ್ಡು ಕೊಡಲಿಲ್ಲ, ಕಾಗದಕ್ಕೆ ಸಹಿಯೂ ಹಾಕಲಿಲ್ಲ. ಇದು ಬಹಳ ಮುಖ್ಯ. ಸಹಿ ಬಿದ್ದ ಮೇಲೆ ನೀವು ಸರ್ವಿಸ್ ಸಾಲಿನಲ್ಲಿ ಎಲ್ಲರ ಹಿಂದೆ. ಬೇಸಿಗೆಯಲ್ಲಿ ಗಾಡಿ ಒಳಗೆ ಹೋದರೆ ವಾರಗಟ್ಟಲೆ ಹೊರಗೆ ಬರುವುದಿಲ್ಲ. ಕಾರು ಕೆಟ್ಟರೆ ಕಾಪಾಡುವ ಲೆಮನ್ ಲಾ ಹಲವು ರಾಜ್ಯಗಳಲ್ಲಿ ಎಂಜಿನ್ ಇಲ್ಲದ ಟ್ರೇಲರ್‌ಗೆ ಅನ್ವಯಿಸುವುದೇ ಇಲ್ಲ. 1975ರ ಕೇಂದ್ರ ವಾರಂಟಿ ಕಾಯಿದೆ ಇದೆ, ಆದರೆ ಅದಕ್ಕೆ ವಕೀಲರ ಹಿಂದೆ ಅಲೆಯಬೇಕು. ಬೆಲೆಯ ವಿಷಯ ಒಂದು ಮಾತು. ಚೀಟಿಯಲ್ಲಿ ಬರೆದ ಬೆಲೆ ಯಾರೂ ಕೊಡುವುದಿಲ್ಲ. ನಾವು ಕಾಲು ಭಾಗ ಇಳಿಸಿಕೊಂಡೆವು, ಇನ್ನೂ ಇಳಿಸಬಹುದಿತ್ತು ಅಂದವರೂ ಇದ್ದಾರೆ.

ಗಾಡಿ ಮನೆಗೆ ಬಂದ ಮೇಲೆ ಮಾವ ಬೆಂಗಳೂರಿಗೆ ಹೋದರು. ಹೋಗುವ ಮುಂಚೆ ಹಾಕಿಂಗ್ ಹಿಲ್ಸ್ ಸ್ಟೇಟ್ ಪಾರ್ಕಿನಲ್ಲಿ ಒಂದು ರಾತ್ರಿ ಮಳೆಯಲ್ಲಿ ಅದರೊಳಗೆ ಮಲಗಿದರು. ರಾತ್ರಿಯೆಲ್ಲ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡುತ್ತಿದ್ದರು, ನಮಗೆ ನಿದ್ದೆ ಇಲ್ಲ.

ಈಗ ವರ್ಷಕ್ಕೆರಡು ಸಲ, ಚಳಿಗೆ ಮುಂಚೆ ಒಮ್ಮೆ ಮತ್ತು ಹಿಮ ಕರಗಿದ ಮೇಲೆ ಒಮ್ಮೆ, ಸೂರು ಹತ್ತಿ ಸೀಲಂಟ್ ನೋಡುತ್ತೇನೆ. ಬಿರುಕು ಬಿಟ್ಟ ಕಡೆ ಹೊಸದು ಹಾಕುತ್ತೇನೆ. ಸಿಲಿಕೋನ್ ಹಾಕೋದಿಲ್ಲ, ಅದರ ಮೇಲೆ ಆಮೇಲೆ ಬೇರೇನೂ ಅಂಟುವುದಿಲ್ಲ. ಒಹಾಯೊ ಚಳಿಗೆ ಪೈಪು ಒಡೆಯದಿರಲಿ ಅಂತ ನೀರು ಪೂರ್ತಿ ಬಸಿದು ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸೋದು ಬೇರೆ ಕೆಲಸ. ನೊರೆ ಎದ್ದಿದ್ದ ಆ ಕಿಟಕಿಯನ್ನು ಡೀಲರ್ ಬರೀ ಹೊರಗಿನಿಂದ ಮೆತ್ತಿದ್ದ ಅಂತ ಎರಡನೇ ವರ್ಷ ಗೊತ್ತಾಯಿತು. ಚೌಕಟ್ಟು ಬಿಚ್ಚಿ, ಹಳೇ ಟೇಪ್ ಕೆರೆದು, ಹೊಸ ಬ್ಯುಟೈಲ್ ಹಾಕಿ ನಾನೇ ಕೂರಿಸಿದೆ. ಅರ್ಧ ದಿನದ ಕೆಲಸ. ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ಮಾವ, "ಸ್ಕ್ರೂ ಒಂದೊಂದೇ ಟೈಟ್ ಮಾಡ್ಬೇಡಿ, ಎದುರು ಬದುರು ಮಾಡಿ" ಅಂತ ಹೇಳುತ್ತಾ ಕೂತಿದ್ದರು. ಗಾಡಿ ಜೊತೆ ಬಂದ ಟೈರುಗಳನ್ನು ಕೂಡ ತೆಗೆಸಿ ಹೆಚ್ಚು ಭಾರ ಹೊರುವ ಗುಡ್‌ಇಯರ್ ಎಂಡ್ಯುರೆನ್ಸ್ ಹಾಕಿಸಿದ್ದೇವೆ. ಮುಂದಿನ ಖರ್ಚು ಬ್ಯಾಟರಿ.